ನಲ್ಲಿ ಸೋರಿದರೆ, ಮೋರಿ ಕಟ್ಟಿದರೆ

ಕರ್ನಾಟಕದ ಪಟ್ಟಣಗಳ ಬಹುಪಾಲು ಮನೆಗಳಲ್ಲಿ ನೀರು ಎರಡು ಕಡೆ ತಂಗಿ ಮುಂದಕ್ಕೆ ಹೋಗುತ್ತದೆ. ಬೀದಿಯ ಪೈಪಿನಿಂದಲೋ ಬೋರ್‌ವೆಲ್‌ನಿಂದಲೋ ಬಂದದ್ದು ಮೊದಲು ಸಂಪಿಗೆ ಇಳಿಯುತ್ತದೆ. ಮೋಟರು ಅದನ್ನು ಮಾಳಿಗೆಯ ಟ್ಯಾಂಕಿಗೆ ಎತ್ತುತ್ತದೆ. ಅಲ್ಲಿಂದ ನೀರು ತನ್ನ ಭಾರಕ್ಕೇ ಇಳಿದು ನಲ್ಲಿಗಳಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದು ಗೊತ್ತಾಗದೆ ನಲ್ಲಿ ಬಿಚ್ಚಿದವರೇ ಹೆಚ್ಚು.

ಪಾನಾ ಹಿಡಿಯುವ ಮೊದಲು ವಾಲ್ವುಗಳ ಗುರುತು ಇರಬೇಕು. ಟ್ಯಾಂಕಿನ ಬುಡದಲ್ಲಿ ಅಡುಗೆಮನೆಗೊಂದು, ಬಚ್ಚಲುಮನೆಗೊಂದು ಎಂದು ಇಳಿಯುವ ಪೈಪುಗಳಿಗೆ ಬೇರೆ ಬೇರೆ ಗೇಟ್ ವಾಲ್ವ್ ಇರುವುದುಂಟು. ಯಾವುದು ಯಾವುದಕ್ಕೆಂದು ಬಣ್ಣದಲ್ಲಿ ಬರೆದಿಟ್ಟರೆ, ಪೈಪು ಒಡೆದ ದಿನ ಮನೆಯವರೆಲ್ಲ ಮಾಳಿಗೆಯಲ್ಲಿ ಹುಡುಕಾಡಬೇಕಿಲ್ಲ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಆರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆದರೆ ಆ ಭಯವಿಲ್ಲ.

ಮೋಟರು ಓಡುತ್ತಿದ್ದರೂ ನೀರು ಏರದಿದ್ದರೆ, ಸಂಪಿನ ಮೇಲೆ ಕೂರಿಸಿದ ಮೋಟರಾದಲ್ಲಿ ಮೊದಲ ಅನುಮಾನ ಸಂಪಿಗಿಳಿದ ಪೈಪಿನ ತುದಿಯ ಫುಟ್‌ವಾಲ್ವ್ ಮೇಲೆ. ಅದರ ಬಾಯಿಗೆ ಕಸ ಸಿಕ್ಕಿದರೆ ಪೈಪಿನ ನೀರು ಸಂಪಿಗೆ ಜಾರಿ, ಮೋಟರು ಬರೀ ಗಾಳಿ ಎಳೆಯುತ್ತದೆ. ಮೋಟರಿನ ಮೇಲಿನ ಬಿರಡೆ ತೆಗೆದು ನೀರು ತುಂಬಿಸಿದರೆ ಅಂದಿನ ಪಾಡು ಕಳೆಯುತ್ತದೆ. ಪ್ರತಿದಿನವೂ ತುಂಬಿಸಬೇಕಾಗಿ ಬಂದರೆ ಫುಟ್‌ವಾಲ್ವ್ ಬದಲಿಸಬೇಕು. ನೀರಿಲ್ಲದೆ ಓಡಿಸುತ್ತ ಹೋದರೆ ಮೋಟರಿನ ಸೀಲು ಸುಡುತ್ತದೆ.

ಟ್ಯಾಂಕು ಒಮ್ಮೆ ಬರಿದಾಗಿ ಮತ್ತೆ ತುಂಬಿದ ಮೇಲೆ ಕೆಲವು ನಲ್ಲಿಗಳಲ್ಲಿ ನೀರೇ ಬರದಿರುವುದು ಬಹಳ ಮನೆಗಳ ಕತೆ. ಪೈಪು ಎಲ್ಲಿ ಏರಿ ಮತ್ತೆ ಇಳಿಯುತ್ತದೆಯೋ ಆ ದಿಬ್ಬದಲ್ಲಿ ಗಾಳಿ ಸಿಕ್ಕಿಕೊಂಡು ನೀರಿಗೆ ಅಡ್ಡ ಕೂರುತ್ತದೆ. ಇದೇ ಏರ್ ಲಾಕ್. ಟ್ಯಾಂಕು ತುಂಬಿರುವಾಗ ಎಲ್ಲ ನಲ್ಲಿಗಳನ್ನೂ, ಕೆಳಗಿನದರಿಂದ ಮೊದಲುಮಾಡಿ, ಪೂರ್ತಿ ತೆರೆದಿಟ್ಟರೆ ಗಾಳಿ ಬುಸುಗುಡುತ್ತ ಹೊರಬರುವುದುಂಟು. ಬಾರದಿದ್ದರೆ ನೀರು ಬರುತ್ತಿರುವ ನಲ್ಲಿಗೂ ಬಾರದ ನಲ್ಲಿಗೂ ರಬ್ಬರ್ ಪೈಪು ಜೋಡಿಸಿ ಎರಡನ್ನೂ ತೆರೆದರೆ, ನೀರು ಹಿಮ್ಮುಖವಾಗಿ ನುಗ್ಗಿ ಗಾಳಿಯನ್ನು ತಳ್ಳುತ್ತದೆ. ಪದೇ ಪದೇ ಹೀಗಾಗುವ ಮನೆಗೆ ಶಾಶ್ವತ ಪರಿಹಾರವೆಂದರೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಗಾಳಿಕೊಳವೆ ಇಡಿಸುವುದು. ಅದರ ಬಾಯಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಮನೆ ಕಟ್ಟುವಾಗ ಕಡಿಮೆ ದುಡ್ಡಿನಲ್ಲಿ ಆಗುವ ಈ ಕೆಲಸವನ್ನು ಬಿಟ್ಟುಬಿಡುವವರು ಎಷ್ಟೋ ಮಂದಿ.

ನೀರು ಬರುತ್ತದೆ, ಆದರೆ ಸಣ್ಣಗೆ ಎಂಬ ದೂರು ಬೇರೆ. ಸುಮಾರು 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಕೊಡುತ್ತದೆ. ಟ್ಯಾಂಕಿನ ನೀರು ಶವರಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು ಅದರ ಮೂರರಲ್ಲೊಂದು ಪಾಲೂ ಅಲ್ಲ. ಮೇಲಂತಸ್ತಿನಲ್ಲಿ ಶವರ್ ಸೊರಗಲು ಎಷ್ಟೋ ಸಲ ಇದೇ ಕಾರಣ. ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಪ್ರೆಶರ್ ಪಂಪ್ ಹಾಕಿಸಬೇಕು. ಒಂದೇ ನಲ್ಲಿ ಸಣ್ಣಗಾಗಿದ್ದರೆ ಮಾತ್ರ ತಪ್ಪು ಆ ನಲ್ಲಿಯದು. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600. ಗಡಸು ನೀರಿನ ಸುಣ್ಣದಂಶ ನಲ್ಲಿ ಬಾಯಿಯ ಜಾಲರಿಯಲ್ಲೂ ಶವರಿನ ತೂತುಗಳಲ್ಲೂ ಬಿಳಿಗಟ್ಟುತ್ತದೆ. ಬಿಚ್ಚಿ ವಿನೆಗರ್‌ನಲ್ಲಿ ಅಥವಾ ನಿಂಬೆರಸದಲ್ಲಿ ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ.

ತೊಟ್ಟಿಕ್ಕುವ ನಲ್ಲಿಯಲ್ಲಿ ಎರಡು ಜಾತಿ. ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಲ್ಲಿ ಸವೆಯುವುದು ರಬ್ಬರ್ ವಾಷರ್. ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಹಾಕಿದರೆ ಆಯಿತು. ಹಳೆಯದನ್ನು ಅಂಗಡಿಗೆ ಒಯ್ಯುವುದೇ ಜಾಣತನ. ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಗಳಲ್ಲಿ ವಾಷರ್ ಬದಲು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಮರಳು ಸಿಕ್ಕಿ ಗೀರುಬಿದ್ದರೆ ಇಡೀ ಕಾರ್ಟ್ರಿಜ್ ಬದಲಿಸಬೇಕು. ಸೋರುವ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುವ ಅಭ್ಯಾಸ ಎರಡಕ್ಕೂ ಕೇಡು. ಗೋಡೆಗೆ ಸೇರುವಲ್ಲಿ ನೀರು ಒಸರಿದರೆ ಟೆಫ್ಲಾನ್ ಟೇಪು ಸಾಕು. ನಲ್ಲಿಯ ತಿರುಪಿನ ತುದಿ ಕಣ್ಣೆದುರಿಗೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದ ಟೇಪು ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಬಿಸಿನೀರಿನ ಪೈಪು ಒಡೆದಾಗ ಬಿಳಿಯ ಪಿವಿಸಿ ತುಂಡು ಸೇರಿಸುವುದು ತಪ್ಪು: ಶಾಖಕ್ಕೆ ಅದು ಮೆತ್ತಗಾಗುತ್ತದೆ, ಅಲ್ಲಿ ಸಿಪಿವಿಸಿಯೇ ಬೇಕು.

ಸದ್ದಿಲ್ಲದೆ ನೀರು ಕದಿಯುವುದು ಕಮೋಡಿನ ಫ್ಲಶ್ ಟ್ಯಾಂಕು. ಅದಕ್ಕೆ ಅಡುಗೆ ಬಣ್ಣದ ಕೆಲವು ಹನಿ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದರೆ ಸತ್ಯ ತಿಳಿಯುತ್ತದೆ. ಬಣ್ಣ ಕಮೋಡಿಗೆ ಇಳಿದಿದ್ದರೆ ತಳದ ರಬ್ಬರ್ ಸೀಲು ಹೋಗಿದೆ. ಇಡೀ ಮನೆಯ ಪರೀಕ್ಷೆಯೂ ಇಷ್ಟೇ ಸುಲಭ: ರಾತ್ರಿ ಮಲಗುವಾಗ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೀರು ಬಳಸುವ ಮುಂಚೆ ನೋಡುವುದು. ಮಟ್ಟ ಇಳಿದಿದ್ದು, ನಲ್ಲಿಗಳೂ ಫ್ಲಶ್ಶೂ ಸರಿಯಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿರಬಹುದು. ಅದು ಪ್ಲಂಬರನ ಕೆಲಸ.

ಇನ್ನು ಹೊರಹೋಗುವ ನೀರು. ಅಡುಗೆಮನೆಯ ಸಿಂಕು ಕಟ್ಟುವುದಕ್ಕೆ ಮುಖ್ಯ ಕಾರಣ ಎಣ್ಣೆ ಜಿಡ್ಡು ಮತ್ತು ಅನ್ನದ ಅಗುಳು, ಬಚ್ಚಲಲ್ಲಿ ಕೂದಲು. ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿದರೆ ಕಸ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ರಬ್ಬರ್ ಪ್ಲಂಜರ್. ಅದನ್ನು ಒತ್ತುವಾಗ ಸಿಂಕಿನ ಮೇಲಂಚಿನ ತೂತಿಗೆ ಒದ್ದೆ ಬಟ್ಟೆ ತುರುಕದಿದ್ದರೆ ಒತ್ತಡವೆಲ್ಲ ಆ ಕಡೆಯಿಂದ ಹೋಗುತ್ತದೆ. ಸೋಡಾಪುಡಿಗೆ ವಿನೆಗರ್ ಸುರಿಯುವ ಜನಪ್ರಿಯ ಉಪಾಯದಲ್ಲಿ ನೊರೆ ಜಾಸ್ತಿ, ಕೆಲಸ ಕಡಿಮೆ. ಆ್ಯಸಿಡ್ ಸುರಿಯುವುದಂತೂ ಅಪಾಯ: ಬ್ಲೀಚಿಂಗ್ ಪುಡಿಯೊಂದಿಗೆ ಅದು ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬಳಸದ ಬಚ್ಚಲಿನಿಂದ ದುರ್ನಾತ ಬಂದರೆ ಮೋರಿ ಕಟ್ಟಿದೆ ಎಂದೇ ಅರ್ಥವಲ್ಲ. ನೆಲದ ನಹಾನಿ ಟ್ರ್ಯಾಪಿನಲ್ಲಿ ಸದಾ ನಿಂತಿರಬೇಕಾದ ನೀರು ಆವಿಯಾಗಿ, ಚರಂಡಿಯ ಗಾಳಿಗೂ ಜಿರಳೆಗೂ ದಾರಿಯಾಗಿರುತ್ತದೆ. ಎರಡು ಚೊಂಬು ನೀರು ಸುರಿದರೆ ಮುಗಿಯಿತು.

ಮನೆಯ ಎಲ್ಲ ಮೋರಿಗಳೂ ಒಟ್ಟಿಗೇ ಹಿಂದಕ್ಕೆ ಉಕ್ಕಿದರೆ ಅಡ್ಡಿ ಇರುವುದು ಹೆಚ್ಚಾಗಿ ಹೊರಗಿನ ಚೇಂಬರಿನಲ್ಲಿ, ಇಲ್ಲವೇ ಬೀದಿಯ ಒಳಚರಂಡಿಯಲ್ಲಿ. ಚೇಂಬರಿನ ಮುಚ್ಚಳ ತೆಗೆದು ನೋಡಿದಾಗ ಅದು ಒಣಗಿದ್ದರೆ ತಡೆ ಮನೆಯ ಕಡೆಗಿದೆ, ತುಂಬಿ ನಿಂತಿದ್ದರೆ ಮುಂದಕ್ಕಿದೆ. ಬೀದಿಯದಾದರೆ ನಗರಸಭೆಗೆ ಅಥವಾ ಜಲಮಂಡಳಿಗೆ ದೂರು ಕೊಡಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916. ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ, ಸುರಕ್ಷತಾ ಸಾಧನಗಳಿಲ್ಲದೆ ಜನರನ್ನು ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ಶಿಕ್ಷಾರ್ಹ ಅಪರಾಧವಾಗಿಸಿದೆ. ಮನೆ ಮಾಲೀಕರಿಗೂ ಅದು ಅನ್ವಯಿಸುತ್ತದೆ. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಜೆಟ್ಟಿಂಗ್ ಅಥವಾ ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಬೇಕು.