ಕಾಲುವೆಯ ಪಾಳಿ ಮತ್ತು ಊರ ಸಭೆ

ಬಸವಸಾಗರ ಜಲಾಶಯಕ್ಕೆ ಎಷ್ಟು ನೀರು ಬಂತು, ಎಷ್ಟು ಹೊರಗೆ ಬಿಟ್ಟರು ಎಂಬ ಸುದ್ದಿ ಮಳೆಗಾಲದಲ್ಲಿ ದಿನವೂ ಪತ್ರಿಕೆಗಳಲ್ಲಿ ಬರುತ್ತದೆ. ನಾರಾಯಣಪುರದ ಛಾಯಾ ಭಗವತಿ ದೇವಸ್ಥಾನಕ್ಕೆ ಕೃಷ್ಣೆಯ ನೀರು ಹೊಕ್ಕಿತೆಂದರೆ ಆ ಮಾತು ಸುರಪುರ, ಶಹಾಪುರದ ಸಂತೆಯವರೆಗೂ ತಲುಪುತ್ತದೆ. ಆದರೆ ತಮ್ಮ ಹೊಲದ ಪಕ್ಕದ ಹೊಲಗಾಲುವೆಯಲ್ಲಿ ಹರಿಯುವ ಒಂದು ಕ್ಯೂಸೆಕ್ ನೀರನ್ನು ಯಾರು, ಯಾವ ದಿನ, ಎಷ್ಟು ಗಂಟೆ ಉಪಯೋಗಿಸಬೇಕು ಎಂಬುದು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅದನ್ನು ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಊರಿನವರೇ ಕುಳಿತು ನಿರ್ಧರಿಸಬೇಕು. ಆ ಸಭೆಗೆ ಹೋಗುವ ರೈತರ ಕೈಯಲ್ಲಿ ಒಂದಿಷ್ಟು ಲೆಕ್ಕವಿರಬೇಕು. ಅದನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ನೀರಿನ ತೀರ್ಮಾನ ಎಲ್ಲಿ ಆಗುತ್ತದೆ?

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ, ಲಾಲ್ ಬಹಾದೂರ್ ಶಾಸ್ತ್ರಿಯವರಿಂದ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಇಂದು ಆಲಮಟ್ಟಿಯಲ್ಲಿ ಸುಮಾರು 123 ಟಿಎಂಸಿ, ನಾರಾಯಣಪುರದಲ್ಲಿ ಸುಮಾರು 33 ಟಿಎಂಸಿ ನೀರು ನಿಲ್ಲಬಲ್ಲದು. ಮಳೆಗಾಲ ಮುಗಿದ ಮೇಲೆ ಈ ಎರಡೂ ಜಲಾಶಯಗಳಲ್ಲಿ ಉಳಿದ ನೀರಿನಲ್ಲಿ ಕುಡಿಯುವ ನೀರಿನ ಪಾಲನ್ನು ತೆಗೆದಿಟ್ಟು, ಹಿಂಗಾರಿಗೆ ಎಷ್ಟು ದಿನ ಕಾಲುವೆ ಹರಿಸಬಹುದೆಂದು ನೀರಾವರಿ ಸಲಹಾ ಸಮಿತಿಯು ನಿರ್ಧರಿಸುತ್ತದೆ. ಸಚಿವರೊಬ್ಬರ ಅಧ್ಯಕ್ಷತೆಯ ಈ ಸಮಿತಿ ಸಾಮಾನ್ಯವಾಗಿ ನವೆಂಬರ್ ತಿಂಗಳ ಹೊತ್ತಿಗೆ ಸೇರುತ್ತದೆ. ‘14 ದಿನ ಚಾಲು, 10 ದಿನ ಬಂದ್’ ಎಂಬಂಥ ವಾರಾಬಂದಿ ನಿಗದಿಯಾಗುವುದು ಅಲ್ಲಿಯೇ.

ಅಲ್ಲಿಂದ ಕೆಳಗೆ ನೀರನ್ನು ಮುಖ್ಯ ಕಾಲುವೆ, ಶಾಖಾ ಕಾಲುವೆ, ವಿತರಣಾ ಕಾಲುವೆಗಳ ಮೂಲಕ ತಲುಪಿಸುವುದು ಕೃಷ್ಣಾ ಭಾಗ್ಯ ಜಲ ನಿಗಮದ ಕೆಲಸ. ಎಡದಂಡೆ ಕಾಲುವೆಯ ಆಧುನೀಕರಣ ಮುಗಿದು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಅದರ ಉದ್ಘಾಟನೆಯಾಯಿತು. ಈ ಕಾಲುವೆ ಈಗ 10,000 ಕ್ಯೂಸೆಕ್ ಹರಿಸಬಲ್ಲದು. ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಗ್ರಾಮಗಳು ಇದಕ್ಕೆ ಸೇರಿವೆ. ಅನೇಕ ಗೇಟುಗಳಿಗೆ ಯಂತ್ರ ನಿಯಂತ್ರಣ ಬಂದಿದ್ದು, ಎಲ್ಲಿ ಎಷ್ಟು ನೀರು ಹೋಯಿತೆಂಬ ಲೆಕ್ಕ ಕಚೇರಿಯಲ್ಲಿ ಕುಳಿತೇ ಸಿಗುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ತೂಬಿನಿಂದ ಕೆಳಗೆ ಗೇಟೂ ಇಲ್ಲ, ಯಂತ್ರವೂ ಇಲ್ಲ. ಅಲ್ಲಿ ಸಲಿಕೆ ಹಿಡಿದವನದೇ ಕಾನೂನು ಎಂಬ ಸ್ಥಿತಿ ಎಷ್ಟೋ ಊರುಗಳಲ್ಲಿದೆ.

ಈ ಕೊರತೆಯನ್ನು ತುಂಬಲೆಂದೇ 2000ದಲ್ಲಿ 1965ರ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಂಘಗಳಿಗೆ ಕಾನೂನಿನ ಸ್ಥಾನ ಕೊಡಲಾಯಿತು. ತೂಬುಗಳ ಕೆಳಗಿನ ಜಮೀನುದಾರರೇ ಇದರ ಸದಸ್ಯರು. ಐವತ್ತು ಎಕರೆಯವರಿಗೂ ಒಂದೇ ಮತ, ಒಂದೂವರೆ ಎಕರೆಯವರಿಗೂ ಒಂದೇ ಮತ. ಸಂಘವು ನಿಗಮದೊಡನೆ ಒಪ್ಪಂದ ಮಾಡಿಕೊಂಡು ನೀರನ್ನು ಅಳತೆಯ ಮೇಲೆ ಪಡೆಯಬಹುದು, ಪಾಳಿ ಹಾಕಬಹುದು, ನೀರಿನ ಕರ ವಸೂಲು ಮಾಡಬಹುದು. ಗ್ರಾಮ ಪಂಚಾಯತಿಗೆ ಈ ಅಧಿಕಾರಗಳಿಲ್ಲ. ಆದರೂ ಪಂಚಾಯತಿ ಚುನಾವಣೆಗೆ ಇರುವ ಹುರುಪಿನ ಹತ್ತರಲ್ಲಿ ಒಂದು ಪಾಲು ಸಂಘದ ಚುನಾವಣೆಗೆ ಕಾಣುವುದಿಲ್ಲ! ಎಷ್ಟೋ ಸಂಘಗಳು ನಾಮಫಲಕದಲ್ಲಿ ಮಾತ್ರ ಉಳಿದಿವೆ. ಕಾಲುವೆಯ ಕೊನೆಭಾಗದ ರೈತರು ನೀರು ಬರುವುದಿಲ್ಲವೆಂದು ಸಭೆಗೆ ಬರುವುದಿಲ್ಲ, ಮೇಲಿನವರು ನೀರು ಬರುತ್ತಿದೆಯೆಂದು ಬರುವುದಿಲ್ಲ.

ಒಂದು ಗಂಟೆಯ ಲೆಕ್ಕ

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಇಷ್ಟು ನೀರು ಒಂದು ಗಂಟೆ ಹರಿದರೆ ಒಂದು ಎಕರೆಯ ಮೇಲೆ ಒಂದು ಇಂಚು ನಿಲ್ಲುತ್ತದೆ. ಇದನ್ನು ಎಕರೆ-ಇಂಚು ಎನ್ನುತ್ತಾರೆ. ಈ ಒಂದು ಸೂತ್ರ ನೆನಪಿದ್ದರೆ ಪಾಳಿಯ ಲೆಕ್ಕವೆಲ್ಲ ಬೆರಳ ಮೇಲೆ ಬರುತ್ತದೆ.

ಒಂದು ತೂಬಿನ ಕೆಳಗೆ 100 ಎಕರೆ ಇದೆ, ತೂಬಿನಲ್ಲಿ ಒಂದು ಕ್ಯೂಸೆಕ್ ಬರುತ್ತದೆ, 14 ದಿನ ಚಾಲು ಇದೆ ಎಂದು ಇಟ್ಟುಕೊಳ್ಳೋಣ. 14 ದಿನಕ್ಕೆ 336 ಗಂಟೆ, ಅಂದರೆ 336 ಎಕರೆ-ಇಂಚು ನೀರು. ಹೊಲಗಾಲುವೆಯಲ್ಲಿ ಇಂಗಿ, ಸೋರಿ ಕಾಲು ಭಾಗ ಹೋದರೂ ಸುಮಾರು 250 ಎಕರೆ-ಇಂಚು ಹೊಲಗಳಿಗೆ ಸಿಗುತ್ತದೆ. ನೂರು ಎಕರೆಗೆ ಹಂಚಿದರೆ ಎಕರೆಗೆ ಎರಡೂವರೆ ಇಂಚು. ಎರೆ ಭೂಮಿಯ ಬಿಳಿಜೋಳಕ್ಕೆ, ಕಡಲೆಗೆ ಒಂದು ಸಲಕ್ಕೆ ಇಷ್ಟು ನೀರು ಧಾರಾಳ.

ಈಗ ಅದೇ ತೂಬಿನ ಮೇಲ್ಭಾಗದಲ್ಲಿ 20 ಎಕರೆ ಭತ್ತ ನಾಟಿಯಾಯಿತೆನ್ನಿ. ಭತ್ತದ ಗದ್ದೆಗೆ ಬೆಳೆಯ ಬಳಕೆ ಮತ್ತು ಇಂಗುವಿಕೆ ಸೇರಿ ದಿನಕ್ಕೆ ಸುಮಾರು 8 ಮಿಲಿಮೀಟರ್ ನೀರು ಬೇಕು. ಚಾಲು, ಬಂದ್ ಎರಡೂ ಸೇರಿದ 24 ದಿನಗಳ ಒಂದು ಸುತ್ತಿಗೆ ಇದು ಏಳೂವರೆ ಇಂಚಾಗುತ್ತದೆ. ಇಪ್ಪತ್ತು ಎಕರೆಗೆ 150 ಎಕರೆ-ಇಂಚು ಅಲ್ಲಿಯೇ ಮುಗಿಯಿತು. ಉಳಿದ 80 ಎಕರೆಗೆ 100 ಎಕರೆ-ಇಂಚು, ಅಂದರೆ ಎಕರೆಗೆ ಒಂದೂಕಾಲು ಇಂಚು. ಬಿರುಕು ಬಿಟ್ಟ ಎರೆ ಭೂಮಿಯಲ್ಲಿ ಇಷ್ಟು ನೀರು ಬದುವಿನಿಂದ ಬದುವಿಗೆ ಮುಟ್ಟುವುದೇ ಕಷ್ಟ. ಭತ್ತ 33 ಎಕರೆಗೆ ಏರಿದರೆ 250 ಎಕರೆ-ಇಂಚೂ ಅದಕ್ಕೇ ಹೋಗುತ್ತದೆ. ಉಳಿದ 67 ಎಕರೆಗೆ ಹನಿ ನೀರಿಲ್ಲ. ಮೂರನೆಯ ಒಂದು ಭಾಗ ಭತ್ತವಾದರೆ ಕೆಳಗಿನ ಮೂರನೆಯ ಎರಡು ಭಾಗ ಒಣಗುತ್ತದೆ ಎಂಬುದು ಯಾರ ಮೇಲಿನ ದೂರೂ ಅಲ್ಲ, ಬರೀ ಭಾಗಾಕಾರ.

ತೂಬಿನಲ್ಲಿ ನಿಜವಾಗಿ ಎಷ್ಟು ನೀರು ಬರುತ್ತಿದೆಯೆಂದು ತಾವೇ ಅಂದಾಜು ಮಾಡಬಹುದು. ಹೊಲಗಾಲುವೆಯ ನೇರವಾದ, ಕಸವಿಲ್ಲದ ಮೂವತ್ತು ಅಡಿ ಭಾಗವನ್ನು ಆರಿಸಿಕೊಂಡು ಎರಡೂ ತುದಿಗೆ ಗೂಟ ನೆಡಿರಿ. ಮೇಲಿನ ಗೂಟದ ಬಳಿ ಒಂದು ಬೆಂಡಿನ ತುಂಡು ತೇಲಿಬಿಟ್ಟು, ಕೆಳಗಿನ ಗೂಟಕ್ಕೆ ಮುಟ್ಟಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿರಿ. ಮೂವತ್ತು ಸೆಕೆಂಡಾದರೆ ಮೇಲ್ಮೈಯ ವೇಗ ಸೆಕೆಂಡಿಗೆ ಒಂದು ಅಡಿ. ತಳದ ನೀರು ನಿಧಾನವಾಗಿ ಹರಿಯುವುದರಿಂದ ಇದನ್ನು 0.8ರಿಂದ ಗುಣಿಸಬೇಕು. ನೀರಿನ ಅಗಲ ಒಂದೂವರೆ ಅಡಿ, ಆಳ ಹತ್ತು ಇಂಚು ಇದ್ದರೆ ಅಡ್ಡಕೊಯ್ತ ಒಂದೂಕಾಲು ಚದರಡಿ. ಗುಣಿಸಿದರೆ ಸರಿಯಾಗಿ ಒಂದು ಕ್ಯೂಸೆಕ್. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅಳತೆಯಲ್ಲಿ ಕಡಿಮೆ ಕಂಡರೆ ದಿನಾಂಕ ಸಹಿತ ಸಂಘದ ಪುಸ್ತಕದಲ್ಲಿ ಬರೆಸಿ, ನಿಗಮದ ಕಚೇರಿಗೆ ಪ್ರತಿ ಕಳುಹಿಸಿರಿ. ‘ನೀರು ಬರುತ್ತಿಲ್ಲ’ ಎಂಬ ಮನವಿಗಿಂತ ‘ಆರು ದಿನ ಅರ್ಧ ಕ್ಯೂಸೆಕ್ ಮಾತ್ರ ಬಂದಿದೆ’ ಎಂಬ ಮನವಿಗೆ ಉತ್ತರ ಬೇಗ ಬರುತ್ತದೆ.

ಭತ್ತದ ಪ್ರಶ್ನೆ

ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಜೋಳ, ಸಜ್ಜೆ, ಶೇಂಗಾ, ಹತ್ತಿ, ದ್ವಿದಳ ಧಾನ್ಯಗಳಂಥ ಅರೆನೀರಾವರಿ ಬೆಳೆಗಳಿಗಾಗಿ. ಭತ್ತ, ಕಬ್ಬು ನಿಷೇಧಿತ ಬೆಳೆಗಳೆಂದು ಪ್ರಕಟಣೆಗಳಲ್ಲಿ ಹೇಳಲಾಗುತ್ತದೆ. ಪ್ರಕಟಣೆ ಓದಿಯೂ ರೈತರು ಭತ್ತ ಹಚ್ಚುತ್ತಾರೆ. ಅದಕ್ಕೆ ಕಾರಣಗಳಿವೆ. ಭತ್ತಕ್ಕೆ ಕಾಯಂ ಗಿರಾಕಿ ಇದ್ದಾರೆ, ಗುತ್ತಿಗೆಗೆ ಕೇಳುವವರೂ ಭತ್ತಕ್ಕೇ ಕೇಳುತ್ತಾರೆ. ಇನ್ನೊಂದು ಕಾರಣವನ್ನು ನಮ್ಮ ವಿಜ್ಞಾನಿಗಳೂ ಸಾಕಷ್ಟು ಗಮನಿಸಿಲ್ಲ. ಮೇಲಿನ ಹೊಲದವರು ಭತ್ತ ನಾಟಿ ಮಾಡಿದರೆ ಬಸಿನೀರು ಕೆಳಗಿನ ಹೊಲದಲ್ಲಿ ನಿಂತು ಜೋಳದ ಬೇರು ಕೊಳೆಯುತ್ತದೆ. ಮರುವರ್ಷ ಆ ರೈತನೂ ಬೇರೆ ದಾರಿ ಕಾಣದೆ ಭತ್ತವನ್ನೇ ಹಚ್ಚುತ್ತಾನೆ. ಹೀಗೆ ಒಬ್ಬರ ಬೆಳೆ ಇನ್ನೊಬ್ಬರ ಬೆಳೆಯನ್ನು ನಿರ್ಧರಿಸುವುದರಿಂದ, ಒಂಟಿ ರೈತನಿಗೆ ಭತ್ತ ಬಿಡಿ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಕೂಡಿ ಬಿಡಬೇಕು, ಇಲ್ಲವೆ ತಗ್ಗಿನ ಒಂದು ಪಟ್ಟಿಗೆ ಮಾತ್ರ ಭತ್ತವೆಂದು ಕೂಡಿ ಗೆರೆ ಹಾಕಿಕೊಳ್ಳಬೇಕು.

ಇದು ಹೊಸ ವಿಚಾರವೇನೂ ಅಲ್ಲ. ನಮ್ಮವರೇ ಆದ ಎಂ. ವಿಶ್ವೇಶ್ವರಯ್ಯನವರು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಮುಂಬಯಿ ಪ್ರಾಂತದ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿಯನ್ನು ತಂದರು. ಅಲ್ಲಿಯೂ ಕೆಲವೇ ಹೊಲಗಳ ಕಬ್ಬು ನೀರನ್ನೆಲ್ಲ ನುಂಗಿ, ಭೂಮಿ ಜವಳಾಗುತ್ತಿತ್ತು. ಜಮೀನನ್ನು ಬ್ಲಾಕುಗಳಾಗಿ ಗುರುತಿಸಿ, ಹೆಚ್ಚು ನೀರಿನ ಬೆಳೆಯನ್ನು ಸರದಿಯ ಮೇಲೆ ತಂದು, ಅದೇ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು ಅದರ ತಿರುಳು. ಖಾನದೇಶದ ಧುಳೆ ಭಾಗದ ಪಾಂಝರಾ ನದಿಯ ಹಳೆಯ ‘ಫಡ್’ ಪದ್ಧತಿಯಲ್ಲಿಯೂ ಒಂದು ಫಡಿಗೆ ಒಂದೇ ಬೆಳೆ. ಅದನ್ನು ನಡೆಸುತ್ತಿದ್ದವರು ಊರಿನ ರೈತರೇ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತುಂಗಭದ್ರಾ ಅಚ್ಚುಕಟ್ಟನ್ನು ನೋಡಬಹುದು. 1953ರಿಂದ ನೀರು ಹರಿದ ಆ ಯೋಜನೆಯ ಎಡದಂಡೆಯೂ ಬಹುಪಾಲು ಅರೆನೀರಾವರಿಗೆಂದೇ ಇದ್ದದ್ದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದವರು ಇಂದಿಗೂ ಪ್ರತಿ ಹಂಗಾಮಿನಲ್ಲಿ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದಲ್ಲಾದರೂ ನೆಮ್ಮದಿಯಿದೆಯೇ ಎಂದರೆ, ಅಲ್ಲಿ ಸಾವಿರಾರು ಹೆಕ್ಟೇರು ಸವಳು-ಜವಳಾಗಿದೆ.

ಪಾಳಿ ಚೀಟಿ ಹೀಗಿರಲಿ

ಪಂಜಾಬ, ಹರಿಯಾಣಗಳಲ್ಲಿ ವಾರದ 168 ಗಂಟೆಗಳನ್ನು ಎಕರೆಯ ಪ್ರಮಾಣದಲ್ಲಿ ಹಂಚಿ, ಪ್ರತಿ ರೈತನ ಪಾಳಿ ಯಾವ ವಾರ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಕ್ತಾಯ ಎಂದು ಬರೆದಿಡುತ್ತಾರೆ. ನಮ್ಮ 14 ದಿನದ ಚಾಲುವಿಗೂ ಇದೇ ಕ್ರಮ ಹೊಂದುತ್ತದೆ. ಮೇಲಿನ ಉದಾಹರಣೆಯಲ್ಲಿ ಎಕರೆಗೆ 3 ಗಂಟೆ 20 ನಿಮಿಷ ಬರುತ್ತದೆ. ನಾಲ್ಕು ಎಕರೆಯವರಿಗೆ 13 ಗಂಟೆಯ ಮೇಲೆ ಸ್ವಲ್ಪ.

ಪಾಳಿಯನ್ನು ಕೊನೆಯ ಹೊಲದಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೇಲಿನಿಂದ ಆರಂಭಿಸಿದರೆ ಕೊನೆಯವನ ಪಾಳಿ ಬರುವಷ್ಟರಲ್ಲಿ ಬಂದ್ ಬಂದಿರುತ್ತದೆ. ಕೊನೆಯಿಂದ ಆರಂಭಿಸಿದರೆ ಮೇಲಿನವನು ತನ್ನ ಪಾಳಿಗಾಗಿ ಕಾಲುವೆಯನ್ನು ತಾನೇ ಕಾಯುತ್ತಾನೆ. ಖಾಲಿ ಹೊಲಗಾಲುವೆ ತುಂಬಿ ಕೊನೆ ಮುಟ್ಟಲು ಹಿಡಿಯುವ ಸಮಯವನ್ನು ಮೊದಲ ಪಾಳಿಯವನಿಗೆ ಹೆಚ್ಚುವರಿಯಾಗಿ ಕೊಡಬೇಕು. ಒಂದು ಸುತ್ತಿನಲ್ಲಿ ರಾತ್ರಿ ಪಾಳಿ ಬಂದವರಿಗೆ ಮುಂದಿನ ಸುತ್ತಿನಲ್ಲಿ ಹಗಲು ಬರುವಂತೆ ಹನ್ನೆರಡು ಗಂಟೆ ಸರಿಸಬೇಕು. ಒಂಟಿ ಹೆಣ್ಣುಮಕ್ಕಳು ಒಕ್ಕಲುತನ ಮಾಡುವ ಮನೆಗಳಿಗೆ ಹಗಲು ಪಾಳಿಯನ್ನೇ ಕಾಯಂ ಮಾಡಿದರೆ ಯಾರೂ ಬೇಡವೆನ್ನಲಾರರು. ಚೀಟಿಯನ್ನು ಜಮೀನುದಾರರಿಗೂ ಗುತ್ತಿಗೆ ಮಾಡುವವರಿಗೂ ಕೊಟ್ಟು, ಒಂದು ಪ್ರತಿಯನ್ನು ಸಂಘದ ಗೋಡೆಗೆ ಅಂಟಿಸಬೇಕು.

ಪಾಳಿಯ ದಿನಗಳಿಗೂ ಬೆಳೆಯ ಹಂತಗಳಿಗೂ ಹೊಂದಿಕೆ ಬೇಕು. ಹಿಂಗಾರಿ ಜೋಳಕ್ಕೆ ಬಿತ್ತಿದ 30-35 ದಿನಕ್ಕೆ, ಹೊಡೆ ಬರುವ 55-60 ದಿನಕ್ಕೆ ಮತ್ತು ಕಾಳು ತುಂಬುವ ಹೊತ್ತಿಗೆ ನೀರು ತಪ್ಪಬಾರದು. ಕಡಲೆಗೆ ಕವಲೊಡೆಯುವಾಗ ಒಂದು, ಕಾಯಿ ಕಟ್ಟುವಾಗ ಒಂದು ಸಾಕು, ಹೆಚ್ಚಾದರೆ ಗಿಡ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಆದ್ದರಿಂದ ಸಂಘದ ಸಭೆಯನ್ನು ಬಿತ್ತನೆಗೆ ಮೊದಲೇ ಕರೆದು ಬೆಳೆಗಳ ವಿಸ್ತೀರ್ಣ ಬರೆದುಕೊಂಡು, ಸಲಹಾ ಸಮಿತಿ ಸೇರುವ ಮುನ್ನ ಠರಾವಿನ ಪ್ರತಿಯನ್ನು ತಮ್ಮ ಭಾಗದ ಶಾಸಕರಿಗೂ ನಿಗಮಕ್ಕೂ ತಲುಪಿಸುವುದು ಲೇಸು. ವಾರಾಬಂದಿ ಪ್ರಕಟವಾದ ವಾರದೊಳಗೆ ಮತ್ತೊಮ್ಮೆ ಸೇರಿ ಪಾಳಿ ಚೀಟಿ ಬರೆಯಬೇಕು.

ಠರಾವು ಮುರಿದವರಿಗೆ ಏನು ಮಾಡುವುದು? 2024ರಲ್ಲಿ ನೀರಾವರಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, ಕಾಲುವೆಯಿಂದ ಅಕ್ರಮವಾಗಿ ನೀರು ಎತ್ತುವವರಿಗೆ ಶಿಕ್ಷೆ ಹೆಚ್ಚಿದೆ. ಆದರೆ ಊರಿನೊಳಗಿನ ಜಗಳಕ್ಕೆ ಪೊಲೀಸರನ್ನು ಕರೆದ ಮೇಲೆ ಸಂಘ ಉಳಿಯುವುದು ಅಪರೂಪ. ಕದ್ದ ಗಂಟೆಗಳನ್ನು ಮುಂದಿನ ಸುತ್ತಿನಲ್ಲಿ ಅವರ ಪಾಳಿಯಿಂದ ಕಳೆಯುವ ನಿಯಮವನ್ನು ಮೊದಲೇ ಒಪ್ಪಿಕೊಂಡಿದ್ದರೆ ಅದೇ ಹೆಚ್ಚು ಪರಿಣಾಮಕಾರಿ.

ಹೂಳು ಮತ್ತು ಬಸಿಗಾಲುವೆ

ಹೊಲಗಾಲುವೆಯಲ್ಲಿ ಹುಲ್ಲು, ಹೂಳು ತುಂಬಿದರೆ ಮೇಲೆ ಹೇಳಿದ ಕಾಲು ಭಾಗದ ನಷ್ಟ ಅರ್ಧಕ್ಕೂ ಏರಬಹುದು. ಕಾಲುವೆ ಬಂದ್ ಇರುವಾಗ ಎಲ್ಲರೂ ಕೂಡಿ ತೆಗೆಯಬೇಕು. ಪ್ರತಿಯೊಬ್ಬನೂ ತನ್ನ ಹೊಲದ ಎದುರಿನಷ್ಟೇ ತೆಗೆಯುವ ರೂಢಿ ಸರಿಯಲ್ಲ, ಎಕರೆಯ ಲೆಕ್ಕದಲ್ಲಿ ಆಳು ಹಂಚಿಕೊಳ್ಳಬೇಕು.

ಬಸಿಗಾಲುವೆಯ ವಿಷಯದಲ್ಲಿ ಮಾತ್ರ ಗ್ರಾಮ ಪಂಚಾಯತಿಯ ಬಾಗಿಲಿಗೇ ಹೋಗಬೇಕು. ಎರೆ ಭೂಮಿಯ ಹೆಚ್ಚುವರಿ ನೀರು ಹಳ್ಳ ಸೇರದಿದ್ದರೆ ಅಂತರ್ಜಲ ಮೇಲೇರಿ, ಉಪ್ಪು ಮೇಲ್ಮಣ್ಣಿಗೆ ಬರುತ್ತದೆ. ಅನೇಕ ಕಡೆ ಹಳ್ಳಕ್ಕೆ ಹೋಗುವ ದಾರಿಯನ್ನು ಊರ ರಸ್ತೆಯೇ ಕಟ್ಟಿರುತ್ತದೆ, ರಸ್ತೆಯ ಕೆಳಗೆ ಪೈಪು ಇರುವುದಿಲ್ಲ, ಇದ್ದರೂ ಮುಚ್ಚಿಹೋಗಿರುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. ಅಲ್ಲಿ ಸರ್ವೆ ನಂಬರು ಸಹಿತ ಈ ಪೈಪಿನ ಕೆಲಸವನ್ನು ಕ್ರಿಯಾ ಯೋಜನೆಗೆ ಸೇರಿಸಲು ಕೇಳಿರಿ. ಹೊಲದಲ್ಲಿ ಬೆಳ್ಳಗೆ ಪುಡಿ ಕಂಡರೆ, ಅಥವಾ ಒಣಗಿದಾಗ ಮಣ್ಣು ಕಲ್ಲಿನಂತೆ ಗಟ್ಟಿಯಾದರೆ, ಬೇಸಿಗೆಯಲ್ಲಿ ಮಣ್ಣಿನ ಮಾದರಿಯನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿರಿ. ಮೊದಲನೆಯದು ಸಾಮಾನ್ಯವಾಗಿ ಉಪ್ಪಿನ ಸವಳು, ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ತೊಳೆದರೆ ಸುಧಾರಿಸುತ್ತದೆ. ಎರಡನೆಯದು ಕ್ಷಾರ ಭೂಮಿಯಾಗಿರಬಹುದು, ಅದಕ್ಕೆ ಜಿಪ್ಸಂ ಮತ್ತು ಡಯಂಚ ಹಸಿರೆಲೆ ಗೊಬ್ಬರ ಬೇಕು. ಜಿಪ್ಸಂ ಎಷ್ಟೆಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ಹಾಕಬೇಕು. ನೀರು ಹೊರಗೆ ಹೋಗಲು ದಾರಿ ಮಾಡದೆ ಹಾಕಿದ ಜಿಪ್ಸಂನಿಂದ ಫಲವಿಲ್ಲ.