ಬಡ್ಡಿ ಕೇಳದ ‘ಬಡ್ಡಿ’!

2020ರ ನವೆಂಬರ್ ತಿಂಗಳು. ಅಮೆರಿಕದಲ್ಲಿ ಹಬ್ಬಗಳ ಸಾಲು ಆರಂಭವಾಗುವ ಕಾಲ. ಹನ್ನೊಂದರಂದು ಮಾಜಿ ಸೈನಿಕರ ದಿನ, ತಿಂಗಳ ಕೊನೆಗೆ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವ ಥ್ಯಾಂಕ್ಸ್‌ಗಿವಿಂಗ್, ಆಮೇಲೆ ಕ್ರಿಸ್‌ಮಸ್. ಆದರೆ ಆ ವರ್ಷ ಕೊರೋನಾ ಹಬ್ಬಿತ್ತು. ಹಬ್ಬಕ್ಕೆಂದು ಪ್ರಯಾಣ ಮಾಡಬೇಡಿ ಎಂದು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಕೇಂದ್ರವೇ ಸಲಹೆ ಮಾಡಿತು. ಮಕ್ಕಳು ಮೊಮ್ಮಕ್ಕಳು ಬಾರದ ಮನೆಗಳಲ್ಲಿ ಒಂಟಿಯಾಗಿ ಉಳಿದವರಲ್ಲಿ ಒಂದು ಕಾಲಕ್ಕೆ ಬಂದೂಕು ಹಿಡಿದು ದೇಶ ಕಾಯ್ದವರೂ ಇದ್ದರು.

ಇಂಥವರ ನೆರವಿಗೆ ನಿಂತ ಸಂಘಗಳಲ್ಲಿ ಒಂದು ‘ಅಮೆರಿಕನ್ ಲೀಜನ್’. ಮೊದಲ ಮಹಾಯುದ್ಧ ಮುಗಿದ ಬಳಿಕ, 1919ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಮೆರಿಕದ ಸೈನಿಕರು ಇದಕ್ಕೆ ಬುನಾದಿ ಹಾಕಿದರು. ಇನ್‌ಫ್ಲುಯೆನ್ಸಾ ಮಹಾಮಾರಿಯಿಂದ ಜಗತ್ತು ಆಗಿನ್ನೂ ಚೇತರಿಸಿಕೊಂಡಿರಲಿಲ್ಲ. ದೇಶದ ಉದ್ದಗಲಕ್ಕೂ ಸಂಘದ ಸಾವಿರಾರು ಶಾಖೆಗಳಿವೆ. ಶಾಖೆಯ ಸಭಾಂಗಣವೆಂದರೆ ನಮ್ಮ ಊರಿನ ಅರಳಿಕಟ್ಟೆ ಇದ್ದ ಹಾಗೆ. ಸಭೆ, ಊಟ, ಹರಟೆ ಎಲ್ಲ ಅಲ್ಲಿಯೇ. 2020ರಲ್ಲಿ ಅವುಗಳ ಬಾಗಿಲು ಮುಚ್ಚಿದವು. ಆ ಬೇಸಿಗೆಯ ರಾಷ್ಟ್ರೀಯ ಸಮ್ಮೇಳನವೂ ರದ್ದಾಯಿತು.

ಲೀಜನ್ ಹೆಸರಿನ ರೋಗ

ರೋಗದ ಪೆಟ್ಟು ಈ ಸಂಘಕ್ಕೆ ಹೊಸದೇನಲ್ಲ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಲೀಜನ್ ಸಮ್ಮೇಳನದ ನಂತರ 182 ಮಂದಿಗೆ ವಿಚಿತ್ರ ನ್ಯುಮೋನಿಯಾ ಬಂತು. 29 ಮಂದಿ ಸತ್ತರು. ತಿಂಗಳುಗಟ್ಟಲೆ ಕಾರಣ ತಿಳಿಯಲಿಲ್ಲ. ಕ್ರಿಸ್‌ಮಸ್ ರಜೆಯ ದಿನಗಳಲ್ಲಿ ವಿಜ್ಞಾನಿ ಜೋಸೆಫ್ ಮ್ಯಾಕ್‌ಡೇಡ್ ಹಳೆಯ ಗಾಜಿನ ಸ್ಲೈಡುಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಹೊಸ ಬ್ಯಾಕ್ಟೀರಿಯದ ಸುಳಿವು ಸಿಕ್ಕಿತು. ಅದಕ್ಕೆ ‘ಲೀಜನೆಲ್ಲಾ’ ಎಂದು ಹೆಸರಾಯಿತು. ಕೊಳವೆಯಲ್ಲಿ ನಿಂತ ನೀರು ಇದಕ್ಕೆ ಬಲು ಇಷ್ಟ. ಹಾಗಾಗಿ, 2020ರಲ್ಲಿ ಬಹುಕಾಲ ಮುಚ್ಚಿದ್ದ ಕಟ್ಟಡಗಳನ್ನು ತೆರೆಯುವ ಮುನ್ನ ನಲ್ಲಿಗಳನ್ನು ಚೆನ್ನಾಗಿ ಹರಿಯಬಿಡಿ ಎಂದು ತಜ್ಞರು ಎಚ್ಚರಿಸಿದ್ದರು.

ನಿಂತ ನೀರಿನಂತೆ ನಿಂತುಹೋದ ಒಡನಾಟವೂ ಅಪಾಯವೇ!

ಎರಡು ಶತ್ರುಗಳು

ಕೊರೋನಾ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಮುದುಕರನ್ನು. ಅಮೆರಿಕದಲ್ಲಿ ಸತ್ತ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ 65 ದಾಟಿದವರು. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿರುವ ಸೈನಿಕರ ವಸತಿಗೃಹವೊಂದರಲ್ಲಿಯೇ 2020ರ ವಸಂತದಲ್ಲಿ 70ಕ್ಕೂ ಹೆಚ್ಚು ಹಿರಿಯರು ತೀರಿಕೊಂಡರು. ಅಂದಮೇಲೆ ದೂರ ಇರುವುದು ಅನಿವಾರ್ಯವಾಗಿತ್ತು.

ಆದರೆ ಒಂಟಿತನವೂ ದೇಹವನ್ನು ಹಣ್ಣು ಮಾಡುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2020ರ ಫೆಬ್ರವರಿಯಲ್ಲಿ ಹೊರತಂದ ವರದಿಯ ಪ್ರಕಾರ, ಅಲ್ಲಿನ 65 ದಾಟಿದವರಲ್ಲಿ ಕಾಲು ಭಾಗದಷ್ಟು ಜನರಿಗೆ ಸಾಮಾಜಿಕ ಒಡನಾಟವೇ ಕಡಿಮೆ. ಇಂಥವರಿಗೆ ಹೃದ್ರೋಗ, ಪಾರ್ಶ್ವವಾಯು, ಮರೆವಿನ ರೋಗಗಳ ಸಂಭವ ಹೆಚ್ಚು. ಒಂದು ಶತ್ರುವಿನಿಂದ ಪಾರಾಗಲು ಬಾಗಿಲು ಹಾಕಿಕೊಂಡರೆ ಇನ್ನೊಂದು ಶತ್ರು ಒಳಗೇ ಕುಳಿತಿರುತ್ತದೆ. ಹಾಗಾದರೆ ದಾರಿ ಯಾವುದು?

ಒಂದು ಫೋನ್ ಕರೆ

ಲೀಜನ್ ಕಂಡುಕೊಂಡಿದ್ದ ದಾರಿ ‘ಬಡ್ಡಿ ಚೆಕ್’. ಕನ್ನಡದ ಕಿವಿಗೆ ಇದು ಸಾಲದ ಲೆಕ್ಕದಂತೆ ಕೇಳಿಸೀತು! ಆದರೆ ಇಂಗ್ಲಿಷಿನ ‘ಬಡ್ಡಿ’ ಎಂದರೆ ಜೊತೆಗಾರ. ಕಾಳಗದಲ್ಲಿ ಪಕ್ಕದವನ ಮೇಲೆ ಒಂದು ಕಣ್ಣಿಡುವುದು ಸೈನಿಕರ ರೂಢಿ. ಅದನ್ನೇ ಊರಿಗೂ ತಂದು, ಸಂಘದ ನೂರನೆಯ ವರ್ಷವಾದ 2019ರಲ್ಲಿ ದೇಶದಾದ್ಯಂತ ಆರಂಭಿಸಿದರು. ಸದಸ್ಯರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡುವುದು, ‘ಹೇಗಿದ್ದೀರಿ? ಔಷಧಿ ಇದೆಯೇ? ದಿನಸಿ ತರಬೇಕೇ?’ ಎಂದು ಕೇಳುವುದು, ಬೇಕೆಂದವರಿಗೆ ಒದಗಿಸುವುದು. ಇಷ್ಟೇ.

ಮರುವರ್ಷವೇ ಈ ಅಭ್ಯಾಸ ಕೈಹಿಡಿಯಿತು. ವೈರಾಣು ಉಸಿರಿನ ಹನಿಗಳ ಜೊತೆ ಸಾಗುತ್ತದೆ, ಫೋನಿನ ತಂತಿಯಲ್ಲಿ ಸಾಗದು. ಪ್ರೀತಿಯ ಮಾತಿಗೆ ಆ ಅಡ್ಡಿಯಿಲ್ಲ. ಹಲವು ಶಾಖೆಗಳು ಹಬ್ಬದೂಟವನ್ನು ಪೊಟ್ಟಣ ಕಟ್ಟಿ ಕಾರಿನ ಕಿಟಕಿಯಲ್ಲಿಯೇ ನೀಡಿದವು, ಮನೆಬಾಗಿಲಿಗೂ ಮುಟ್ಟಿಸಿದವು.

ಅದೇ ಡಿಸೆಂಬರ್ 14ರಂದು ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಲಸಿಕೆ ಆರಂಭವಾಯಿತು. ಮೊದಲು ತೋಳು ಚಾಚಿದವರಲ್ಲಿ ಎರಡನೆಯ ಮಹಾಯುದ್ಧ ಕಂಡ 96 ವರ್ಷದ ಅಜ್ಜಿಯೂ ಇದ್ದರು. ಎರಡು ವರ್ಷಗಳ ನಂತರ, 2022ರ ಡಿಸೆಂಬರ್‌ನಲ್ಲಿ, ‘ಬಡ್ಡಿ ಚೆಕ್’ ವಾರಕ್ಕೆ ಅಲ್ಲಿನ ಕಾನೂನಿನಲ್ಲಿಯೇ ಸ್ಥಾನ ದೊರೆಯಿತು.

ಲಸಿಕೆ ಕಂಡುಹಿಡಿಯಲು ಪ್ರಯೋಗಾಲಯ ಬೇಕು. ಹಿರಿಯರೊಬ್ಬರನ್ನು ‘ಊಟವಾಯಿತೇ?’ ಎಂದು ಕೇಳಲು ಐದನೆಯ ತರಗತಿಯ ಮಗುವಿಗೂ ಸಾಧ್ಯ. ಮುಂದಿನ ಹಬ್ಬದಂದು ಮನೆಯಲ್ಲಿ ಸಿಹಿ ಹಂಚುವಾಗ, ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಅಜ್ಜ, ಅಜ್ಜಿಯರು ಯಾರೆಂದು ಮಕ್ಕಳೂ ತಂದೆತಾಯಿಯರೂ ಕುಳಿತು ಒಂದು ಪಟ್ಟಿ ಮಾಡಬಾರದೇಕೆ?