ಪ್ರೌಢಶಾಲೆಯಲ್ಲಿ ಗಣಕಶಿಕ್ಷಣ: ಬಳಕೆಯೂ ತತ್ತ್ವವೂ

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಪರಿಚಯವಾಗಬೇಕೆಂಬ ವಿಷಯದಲ್ಲಿ ಈಗ ಹೆಚ್ಚಿನ ವಿವಾದವಿಲ್ಲ. ವಿವಾದವಿರುವುದು ಆ ಪರಿಚಯದ ಸ್ವರೂಪದಲ್ಲಿ. ಪತ್ರವನ್ನು ಬೆರಳಚ್ಚು ಮಾಡುವುದು, ಕೋಷ್ಟಕಗಳನ್ನು ತುಂಬುವುದು, ಅಂತರ್ಜಾಲದಲ್ಲಿ ಬೇಕಾದುದನ್ನು ಹುಡುಕುವುದು ಮುಂತಾದ ಬಳಕೆಯ ಕೌಶಲಗಳೇ ಸಾಕೆಂಬುದು ಒಂದು ಪಕ್ಷ. ಸಮಸ್ಯೆಯೊಂದನ್ನು ಹಂತಹಂತವಾಗಿ ಬಿಡಿಸಿ, ಯಂತ್ರವು ನಡೆಸಬಲ್ಲ ಸೂಚನೆಗಳ ಸರಣಿಯಾಗಿ ಬರೆಯುವ ವಿದ್ಯೆಯನ್ನೇ ಕಲಿಸತಕ್ಕದ್ದೆಂಬುದು ಇನ್ನೊಂದು ಪಕ್ಷ. ಇವೆರಡರ ಪರಸ್ಪರ ಸಂಬಂಧವೇನೆಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವವು ಬೋಧಪ್ರದವಾದುದು. ೧೯೮೧ರ ಕೊನೆಯಲ್ಲಿ ಅಲ್ಲಿ ಬಿಬಿಸಿ ಮೈಕ್ರೋ ಎಂಬ ಸಣ್ಣ ಗಣಕವು ಹೊರಬಂದು ಶಾಲೆಗಳಲ್ಲಿ ವಿಪುಲವಾಗಿ ಹರಡಿತು. ಅದರ ಗುಂಡಿಯನ್ನೊತ್ತಿದೊಡನೆ ತೆರೆಯ ಮೇಲೆ ಚಿತ್ರಗಳಾವುವೂ ಮೂಡುತ್ತಿರಲಿಲ್ಲ. ಬೇಸಿಕ್ ಎಂಬ ಭಾಷೆಯಲ್ಲಿ ಆಜ್ಞೆಯನ್ನು ಬರೆಯೆಂದು ಯಂತ್ರವು ಕಾದಿರುತ್ತಿತ್ತು. ಮಗುವು ಏನನ್ನಾದರೂ ಬರೆದಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಮುಂದೆ ಸಿದ್ಧ ತಂತ್ರಾಂಶಗಳು ಬಂದವು. ಪಾಠವು ಕ್ರಮೇಣ ಅವುಗಳ ಬಳಕೆಯ ಕಡೆಗೆ ವಾಲಿತು. ವಿಷಯದ ಹೆಸರೂ ‘ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ’ ಎಂದಾಯಿತು. ೨೦೧೨ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ವರದಿಯಲ್ಲಿ ಈ ಬೋಧನೆಯು ಅನೇಕ ಕಡೆ ತೃಪ್ತಿಕರವಾಗಿಲ್ಲವೆಂದು ತಿಳಿಸಿತು. ೨೦೧೪ರ ಸೆಪ್ಟೆಂಬರಿನಿಂದ ಹಳೆಯ ವಿಷಯದ ಸ್ಥಾನದಲ್ಲಿ ‘ಕಂಪ್ಯೂಟಿಂಗ್’ ಬಂದಿತು. ಐದು ವರ್ಷದ ಮಗುವಿನಿಂದ ಮೊದಲ್ಗೊಂಡು ಎಲ್ಲರಿಗೂ ಗಣನೆಯ ತತ್ತ್ವಗಳನ್ನು ಕಲಿಸುವುದೆಂದಾಯಿತು.

ಆದರೆ ಪಠ್ಯಕ್ರಮವನ್ನು ಬದಲಿಸಿದ ಮಾತ್ರಕ್ಕೆ ತರಗತಿಯು ಬದಲಾಗಲಿಲ್ಲ. ಅದೇ ಸಂಸ್ಥೆಯು ೨೦೧೭ರಲ್ಲಿ ಮತ್ತೆ ವಿಚಾರಣೆ ನಡೆಸಿದಾಗ, ಹದಿನಾರು ವರ್ಷದವರ ಗಣಕವಿಜ್ಞಾನ ಪರೀಕ್ಷೆಗೆ ಅರ್ಧಕ್ಕಿಂತ ಹೆಚ್ಚು ಶಾಲೆಗಳು ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿರಲಿಲ್ಲ. ಪರೀಕ್ಷೆಗೆ ಕುಳಿತವರಲ್ಲಿ ಹುಡುಗಿಯರು ಐದರಲ್ಲೊಂದು ಪಾಲು ಮಾತ್ರ. ತಕ್ಕ ತರಬೇತಿಯುಳ್ಳ ಉಪಾಧ್ಯಾಯರ ಕೊರತೆಯು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದಲ್ಲದೆ, ಹಳೆಯ ವಿಷಯದ ಪರೀಕ್ಷೆಯನ್ನು ಕೈಬಿಟ್ಟುದರಿಂದ, ಹೊಸದನ್ನು ಆರಿಸಿಕೊಳ್ಳದವರಿಗೆ ಬಳಕೆಯ ಶಿಕ್ಷಣದ ಆ ದಾರಿಯೂ ಮುಚ್ಚಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುದರ ಫಲವಿದು.

ನಮ್ಮ ದೇಶಕ್ಕೂ ಈ ಕಥೆಗೂ ಸಂಬಂಧವಿಲ್ಲದಿಲ್ಲ. ೧೯೮೪–೮೫ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ೨೫೦ ಶಾಲೆಗಳಲ್ಲಿ ಆರಂಭಿಸಿದಾಗ ಒದಗಿಸಿದ್ದು ಈ ಬಿಬಿಸಿ ಮೈಕ್ರೋ ಯಂತ್ರಗಳನ್ನೇ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಪೂರ್ವದ ಹಂತದಲ್ಲಿಯೇ ಕೋಡಿಂಗ್ ಕಲಿಸಬೇಕೆಂದು ಹೇಳಿದೆ. ಆದುದರಿಂದ ಬಳಕೆ ಮತ್ತು ತತ್ತ್ವಗಳ ಪ್ರಶ್ನೆಯು ನಮ್ಮ ಕನ್ನಡ ಮಾಧ್ಯಮದ ಶಾಲೆಯ ಬಾಗಿಲಿಗೂ ಬಂದಿದೆ.

ತತ್ತ್ವವೆಂದರೆ ದುರೂಹವಾದುದೇನೂ ಅಲ್ಲ. ೧೮೯೪ರಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟಿನಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋದರೆ ಶಬ್ದವೊಂದು ಸಿಕ್ಕುವುದಕ್ಕೆ ದಿನಗಳೇ ಹಿಡಿದಾವು. ನಡುವಣ ಶಬ್ದವನ್ನು ನೋಡಿ, ನಮಗೆ ಬೇಕಾದುದು ಅದಕ್ಕೆ ಹಿಂದಿದೆಯೋ ಮುಂದಿದೆಯೋ ಎಂದು ನಿರ್ಣಯಿಸಿ, ಬೇಡದ ಅರ್ಧವನ್ನು ಬಿಡುತ್ತ ಹೋದರೆ ೧೭ ಸಲ ನೋಡುವಷ್ಟರಲ್ಲಿ ಅದು ಸಿಕ್ಕಲೇಬೇಕು. ಶಬ್ದಗಳು ಅಕಾರಾದಿಯಾಗಿ ಜೋಡಣೆಗೊಂಡಿರುವುದೇ ಈ ಲಾಭಕ್ಕೆ ಮೂಲ. ಇದನ್ನು ಕಲಿಸಲು ಯಂತ್ರವೇ ಬೇಕೆಂದಿಲ್ಲ. ನಿಘಂಟೂ ಕರಿಹಲಗೆಯೂ ಸಾಕು.

ಬಳಕೆಗೆ ತತ್ತ್ವವು ಹೇಗೆ ನೆರವಾಗುವುದೆಂಬುದಕ್ಕೆ ನಮ್ಮ ಲಿಪಿಯೇ ನಿದರ್ಶನ. ಗಣಕವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಸಂಖ್ಯೆಯಾಗಿ ಅರಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ‘ಕ’ಕಾರಕ್ಕೆ ೩೨೨೧ ಎಂಬ ಸಂಖ್ಯೆಯುಂಟು. ನಾವು ಒಂದೇ ಎಂದು ಬರೆಯುವ ‘ಕ್ಷ’ವು ಗಣಕದಲ್ಲಿ ಮೂರು ಸಂಖ್ಯೆಗಳು: ಕಕಾರ, ಸ್ವರವನ್ನು ಕಳೆಯುವ ಚಿಹ್ನೆ, ಷಕಾರ, ಎಂದರೆ ೩೨೨೧, ೩೨೭೭, ೩೨೫೫. ವ್ಯಾಕರಣದ ಪಾಠದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿದ ಬಾಲಕನಿಗೆ ಇದು ಹೊಸದಲ್ಲ.

ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲು, ಅನೇಕ ಕನ್ನಡ ತಂತ್ರಾಂಶಗಳು ರೋಮನ್ ಲಿಪಿಗೆ ಮೀಸಲಾದ ಸಂಖ್ಯೆಗಳಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಅಂತಹ ಕಡತವನ್ನು ಆ ಅಕ್ಷರಜೋಡಣೆಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಬಳಕೆಯನ್ನು ಮಾತ್ರ ಕಲಿತವನು ಬರಹವು ಕೆಟ್ಟುಹೋಯಿತೆಂದು ಅದನ್ನು ಅಳಿಸಿಯಾನು. ತತ್ತ್ವವನ್ನರಿತವನಾದರೋ, ಸಂಖ್ಯೆಗಳು ಹಾಗೆಯೇ ಇವೆ, ಅವುಗಳ ಅರ್ಥವನ್ನು ಮಾತ್ರ ಪರಿವರ್ತಿಸಬೇಕೆಂದು ತಿಳಿದು ಪರಿವರ್ತಕವನ್ನು ಹುಡುಕುತ್ತಾನೆ. ಹಳೆಯ ದಾಖಲೆಯೊಂದು ಉಳಿಯುವುದೂ ಅಳಿಯುವುದೂ ಇಷ್ಟರ ಮೇಲೆಯೇ ನಿಂತಿರಬಹುದು.

ಆದಕಾರಣ ಪಾಠವನ್ನು ಬಳಕೆಯಿಂದ ಆರಂಭಿಸಿ, ಬಳಕೆಯಲ್ಲಿ ತೊಡಕು ಬಂದೆಡೆಯಲ್ಲಿ ತತ್ತ್ವಕ್ಕೆ ಇಳಿಯುವುದು ಸಮಂಜಸವೆಂದು ನಮ್ಮ ಅಭಿಪ್ರಾಯ. ತಂತ್ರಾಂಶಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಅರ್ಧಿಸುತ್ತ ಹುಡುಕುವ ಕ್ರಮವು ಬದಲಾಗದು. ಯಂತ್ರಗಳನ್ನು ಕೊಳ್ಳುವುದಕ್ಕೆ ಮೊದಲು ಉಪಾಧ್ಯಾಯರನ್ನು ಸಿದ್ಧಪಡಿಸತಕ್ಕದ್ದು. ಅವರ ಕೈಗೆ ಕನ್ನಡದಲ್ಲಿ ಒಳ್ಳೆಯ ಪಾಠಗಳನ್ನು ಕೊಡತಕ್ಕದ್ದು. ಹಾಗಲ್ಲದಿದ್ದರೆ, ಮನೆಯಲ್ಲಿ ಗಣಕವುಳ್ಳ ಮಗುವು ತಾನಾಗಿಯೇ ಮುಂದೆ ಹೋಗುತ್ತದೆ. ಇಲ್ಲದ ಮಗುವಿಗೆ ಶಾಲೆಯೊಂದೇ ಗತಿಯಾಗಿದ್ದು, ಆ ಶಾಲೆಯೂ ಅದರ ಕೈಬಿಟ್ಟಂತಾಗುತ್ತದೆ.